ಕಾಕು ಹಂಚಿದ ವೇಷಗಳು

ಸುಶೀಲಾ ಕಾಕು ಯುದ್ಧಕ್ಕೆ ಕೂರುವ ಮೊದಲು ಎರಡೂ ಕೈಯ ಹಸಿರು ಬಳೆಗಳನ್ನು ಮೊಣಕೈ ಕಡೆಗೆ ಸರಿಸಿ, ಅವುಗಳ ಮೇಲೆ ಒಂದೊಂದು ಕರವಸ್ತ್ರ ಸುತ್ತಿ, ಹಲ್ಲಿನಿಂದ ಗಂಟು ಬಿಗಿಯುತ್ತಿದ್ದರು. ಕೆಲಸಕ್ಕೆ ನಿಲ್ಲುವ ಮುಂಚೆ ಸೆರಗು ಸಿಗಿಸಿಕೊಳ್ಳುವ ಹೆಂಗಸರನ್ನು ನೀವೂ ನೋಡಿರುತ್ತೀರಿ. ಕಂಪ್ಯೂಟರಿನೊಳಗಿನ ರಾಕ್ಷಸನ ಮುಂದೆ ನಿಲ್ಲಲು ಬಳೆ ಕಟ್ಟಿಕೊಳ್ಳುವವರನ್ನು ನಾನು ಕಂಡದ್ದು ಇವರೊಬ್ಬರನ್ನೇ. ಆಟದಲ್ಲಿ ನಾವು ನಾಲ್ಕು ಜನ ನಾಲ್ಕು ಮನೆಯಲ್ಲಿ ಕೂತು ಹೆಡ್‌ಫೋನಿನಲ್ಲಿ ಮಾತಾಡಿಕೊಳ್ಳುತ್ತಿದ್ದೆವು. ಕಾಕುವಿನ ಬಳೆಯ ಸದ್ದು ಎಲ್ಲರ ಕಿವಿಗೂ ಬೀಳುತ್ತಿತ್ತು. ಮೊದಲ ವಾರವೇ ನಮ್ಮಲ್ಲೊಬ್ಬ, ನವೀನ, ಕೇಳಿಬಿಟ್ಟ:

"ಕಾಕು, ಯಾರೋ ಗಾಜಿನ ಅಂಗಡಿ ಹೊತ್ತುಕೊಂಡು ಓಡಿದ ಹಾಗೆ ಕೇಳ್ತದಲ್ಲ, ಎಂತ ಅದು?"

"ನನ್ನ ಬಳಿ ಅದಾವಪ್ಪಾ. ತಗಿಯಂಗಿಲ್ಲ. ನಿಮ್ಮ ಕಾಕಾ ಇನ್ನೂ ಗಟ್ಟಿ ಅದಾರ."

ಹಿಂದಿನಿಂದ ಕಾಕಾ ಕೆಮ್ಮಿದ್ದು ಕೇಳಿಸಿತು. ಮರುವಾರದಿಂದ ಕರವಸ್ತ್ರ ಬಂತು.

ಕಾಕು ರಾಯಚೂರಿನವರು. ಮದುವೆಯಾಗಿ ಹೈದರಾಬಾದಿಗೆ ಬಂದವರು. ಕಾಕಾ ಇಲ್ಲಿನ ಒಂದು ರಕ್ಷಣಾ ಕಾರ್ಖಾನೆಯಲ್ಲಿದ್ದು ನಿವೃತ್ತರಾದ ಮೇಲೆ ಕ್ವಾರ್ಟರ್ಸ್ ಬಿಟ್ಟು ಕಾಚಿಗೂಡ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಹಳೆಯ ಕಟ್ಟಡದ ಮಾಳಿಗೆ ಮನೆ ಹಿಡಿದರು. ರೈಲು ಹೋದಾಗಲೆಲ್ಲ ಆ ಮನೆಯ ಕಿಟಕಿ ಗಾಜುಗಳು ನಡುಗುತ್ತಿದ್ದವು. ತರಕಾರಿಯವನ ಜೊತೆ ತೆಲುಗು, ಆಟೋದವನ ಜೊತೆ ಹಿಂದಿ, ಹೊಸಿಲು ದಾಟಿ ಒಳಗೆ ಬಂದವರ ಜೊತೆ, ಅವರು ಯಾರೇ ಇರಲಿ, ಕನ್ನಡ. ಈ ಊರಲ್ಲಿರುವ ಕನ್ನಡದ ಮನೆಗಳಲ್ಲಿ ಯಾರಿಗೆ ಮಗಳಿದ್ದಾಳೆ, ಯಾರಿಗೆ ಮಗ ಇದ್ದಾನೆ, ಯಾರ ಮನೆಯ ಅತ್ತೆ ಹೇಗೆ ಎಂಬುದೆಲ್ಲ ಅವರ ತಲೆಯಲ್ಲಿ ಇರುತ್ತಿತ್ತು. ಸಂಬಂಧ ಜೋಡಿಸುವುದು ಅವರ ಕಸುಬಲ್ಲ, ಚಟ. ಯಾರಾದರೂ ಬಂದು "ಹುಡುಗ ಭಾಳ ಛಲೋ ಅದಾನ್ರಿ" ಎಂದರೆ, "ಛಲೋ ಅಂದ್ರ ಸಾಲಂಗಿಲ್ಲ. ಯಾರಿಗೆ ಛಲೋ ಅನ್ನೂದು ಹೇಳ್ರಿ" ಎಂದು ಬಾಯಿ ಮುಚ್ಚಿಸುತ್ತಿದ್ದರು.

ನನಗೆ ಅವರ ಪರಿಚಯವಾದದ್ದು ವ್ಯಾಪಾರದಲ್ಲಿ. ನಾನು ಮಾನ್ವಿ ಕಡೆಯವನು. ಕೈಚೀಲದಲ್ಲಿ ಎರಡು ಜೊತೆ ಬಟ್ಟೆ ಇಟ್ಟುಕೊಂಡು ಬಂದು, ಬೇರೆಯವರ ಅಂಗಡಿಯಲ್ಲಿ ಕಂಪ್ಯೂಟರ್ ಬಿಚ್ಚಿ ಬಿಚ್ಚಿ ಕಲಿತು, ಈಗ ಸಿಕಂದರಾಬಾದಿನಲ್ಲಿ ನನ್ನದೇ ಸೆಕೆಂಡ್‌ಹ್ಯಾಂಡ್ ಕಂಪ್ಯೂಟರಿನ ಅಂಗಡಿ ಇಟ್ಟಿದ್ದೇನೆ. ಚೌಕಾಸಿಯಲ್ಲಿ ನನ್ನನ್ನು ಸೋಲಿಸಿದವರು ಕಡಿಮೆ. ಕಾಕು ಬಂದದ್ದು ಹುಡುಗ-ಹುಡುಗಿಯರ ಫೋಟೋ, ಜಾತಕ ನೋಡಲು ಒಂದು ಕಂಪ್ಯೂಟರ್ ಬೇಕೆಂದು. ನಾನು ಬೆಲೆ ಹೇಳಿದೆ. ಅವರು ಬೆಲೆಯ ಮಾತೇ ಎತ್ತಲಿಲ್ಲ. ಡಬ್ಬಿಯ ಮೇಲೆ ಕೈಯಾಡಿಸಿ ಕೇಳಿದರು:

"ಇದನ್ನ ಮೊದಲಿನ ಮನಿಯವರು ಯಾಕ ಬಿಟ್ರು?"

"ಅವರು ಹೊಸಾದು ತಗೊಂಡ್ರು ಕಾಕು."

"ಹೊಸಾದು ಯಾಕ ತಗೊಂಡ್ರು? ಇದು ಏನ್ ತ್ರಾಸ ಕೊಟ್ಟಿತ್ತು?"

ನಾನು ತಡವರಿಸಿದೆ. ಅಷ್ಟೇ ಸಾಕಾಯಿತು ಅವರಿಗೆ. ಕೀಬೋರ್ಡು, ಮೌಸು, ಮನೆಗೆ ಮುಟ್ಟಿಸುವುದು, ಮುಂದೆ ಕೆಟ್ಟಾಗಲೆಲ್ಲ ಬಂದು ನೋಡುವುದು, ಎಲ್ಲ ಪುಕ್ಕಟೆಯಾಗಿ ಒಪ್ಪಿಸಿಕೊಂಡು ಹೋದರು. ನನ್ನ ಹೊಟ್ಟೆಯ ಮೇಲೆ ನಾನೇ ಕಲ್ಲು ಹಾಕಿಕೊಂಡಂತಾದರೂ ನಿಮಗೆ ಹೇಳುತ್ತೇನೆ: ಹಳೆಯ ಮಾಲು ಕೊಳ್ಳುವಾಗ ಎಷ್ಟು ಎಂದು ಕೇಳಬೇಡಿ. ಮೊದಲಿನವನು ಯಾಕೆ ಮಾರಿದ ಎಂದು ಕೇಳಿ, ಮಾರುವವನ ಮುಖ ನೋಡುತ್ತ ನಿಲ್ಲಿ.

ಆಮೇಲೆ ಒಮ್ಮೆ ಅಂಗಡಿಗೆ ಬಂದಾಗ ನಾನು ಆಟದಲ್ಲಿ ಮುಳುಗಿದ್ದೆ. ಕಾಕು ಬೆನ್ನ ಹಿಂದೆ ನಿಂತು ನೋಡಿದರು.

"ಯಾರ ಜೋಡಿ ಮಾತಾಡಾಕತ್ತೀ?"

"ನವೀನ ಅಂತ್ರಿ. ಪುತ್ತೂರಿನವ. ಗಚ್ಚಿಬೌಲಿಯಾಗ ಸಾಫ್ಟ್‌ವೇರ್ ಕೆಲಸ."

"ಮದಿವಿ ಆಗೇತೇನು?"

ಆಗಿರಲಿಲ್ಲ. ಕಾಕು ಅಲ್ಲೇ ಸ್ಟೂಲಿನ ಮೇಲೆ ಕೂತರು. "ನನಗೂ ಇದನ್ನ ಹಾಕಿ ಕೊಡು. ಹುಡುಗನ್ನ ನೋಡಬೇಕಂದ್ರ ಅವ ಸೋಲಾಗ ನೋಡಬೇಕು. ಮನಿಗೆ ಬಂದು ಸೋಫಾದ ಮ್ಯಾಲೆ ಕುಂತಾಗ ಎಲ್ಲಾರೂ ಛಲೋನ ಇರ್ತಾರ."

ಹೀಗೆ ಅವರು ಆಟದೊಳಗೆ ಬಂದದ್ದು ವರಪರೀಕ್ಷೆಗೆಂದು. ನವೀನ ಎಷ್ಟು ಸಲ ಸತ್ತ, ಸತ್ತಾಗ ಏನೆಂದ, ಯಾರನ್ನು ಬೈದ ಎಂಬುದನ್ನೆಲ್ಲ ಕೆಲವು ತಿಂಗಳು ನೋಡಿ, ಶಂಶಾಬಾದಿನ ವಿಮಾನ ನಿಲ್ದಾಣದಲ್ಲಿ ಕೆಲಸ ಮಾಡುವ ಕುಂದಾಪುರದ ಹುಡುಗಿಯ ಮನೆಯವರಿಗೆ ಹೇಳಿಕಳಿಸಿದರು: "ಸೋತಾಗ ಸುಮ್ಮನಾಗ್ತಾನ, ಸಿಟ್ಟಿಗೇಳಂಗಿಲ್ಲ. ಕೊಡ್ರಿ." ಮದುವೆ ಆಯಿತು. ಕೆಲಸ ಮುಗಿದಿದ್ದರೂ ಕಾಕು ಆಟ ಬಿಡಲಿಲ್ಲ. ಭಾನುವಾರ ಬೆಳಿಗ್ಗೆ ನಾಷ್ಟಾ ಮುಗಿಸಿ ಕೂತರೆ ಮಧ್ಯಾಹ್ನದ ಊಟದವರೆಗೆ ಏಳುತ್ತಿರಲಿಲ್ಲ. ಕಾಕಾ ಆಗಾಗ ಬಂದು, "ಮುಗೀತೇನು ಯುದ್ಧ? ಚಾ ಇಡಲೇನು?" ಎಂದು ಕೇಳುವುದು ನಮ್ಮೆಲ್ಲರ ಕಿವಿಗೂ ಬೀಳುತ್ತಿತ್ತು.

ನಾಲ್ಕನೆಯವಳು ಫರ್ಹಾನಾ. ಅದೇ ಕಟ್ಟಡದ ಕೆಳಗಿನ ಮನೆಯ ಹುಡುಗಿ. ಕಾಕುವಿನ ಅಡುಗೆಮನೆಯಲ್ಲಿ ಕನ್ನಡ ಕಲಿತವಳು, ಈಗ ಮಲಕಪೇಟೆಯಲ್ಲಿ ಹಲ್ಲಿನ ಡಾಕ್ಟರು.

ಆಟದ ಬಗ್ಗೆ ತಿಳಿಯದವರಿಗೆ ಒಂದು ಮಾತು. ಇಂಥ ಆಟಗಳಲ್ಲಿ ನೀವು ಮೊದಲು ಒಂದು ಪಾತ್ರ ಆರಿಸಿಕೊಳ್ಳಬೇಕು. ಆಟದವರು ಅದಕ್ಕೆ ಕ್ಲಾಸ್ ಅನ್ನುತ್ತಾರೆ. ಕಾಕು ವೇಷ ಅನ್ನುತ್ತಿದ್ದರು, ನಮಗೂ ಅದೇ ರೂಢಿಯಾಯಿತು. ಗುರಾಣಿ ಹಿಡಿದು ಮುಂದೆ ನಿಂತು ಏಟು ತಿನ್ನುವ ಢಾಲಿನವನು, ದೂರದಿಂದ ಬಾಣ ಬಿಡುವವನು, ಬೆಂಕಿ ಉಗುಳುವ ಮಂತ್ರಗಾರ್ತಿ, ಸಂದಿಯಲ್ಲಿ ನುಗ್ಗಿ ಇರಿಯುವ ಕಳ್ಳ, ಇವರೆಲ್ಲರನ್ನೂ ಸಾಯದಂತೆ ಕಾಯುವ ವೈದ್ಯ. ಹಳೆಯ ಆಟದಲ್ಲಿ ಕಾಕು ವೈದ್ಯೆ. ಮದ್ದು ಕೊಡುವಾಗ ಬೈಯುವುದು ಅವರ ಪದ್ಧತಿ. "ಬಾ ಇಲ್ಲೆ. ಮುಂದ ಹೋಗಬ್ಯಾಡ ಅಂದಿದ್ದಿಲ್ಲೇನು? ಕುಡಿ. ಈಗ ಹೋಗು." ನಾನು ಕಳ್ಳ. ಸತ್ತ ರಾಕ್ಷಸನ ಪೆಟ್ಟಿಗೆ ತೆರೆಯುವ ಮೊದಲ ಹಕ್ಕು ಕಳ್ಳನದು. ಇದಕ್ಕಿಂತ ಹೆಚ್ಚು ಕಾರಣ ನನಗೆ ಬೇಕಿರಲಿಲ್ಲ. ಢಾಲು ಹಿಡಿಯಲು ಆ ಆಟ ತಾನೇ ಒಂದು ಗೊಂಬೆ ಸಿಪಾಯಿಯನ್ನು ಕೊಡುತ್ತಿತ್ತು.

ಆ ಆಟ ನಡೆಸುವವರು ಒಂದು ದಿನ ಬಾಗಿಲು ಹಾಕಿದರು. ಹೊಸದೊಂದು ಆಟ ಬರುವುದಿತ್ತು, ಎಲ್ಲರೂ ಅದಕ್ಕೆ ಹೋಗೋಣ ಎಂದಾಯಿತು. ಅದರಲ್ಲಿ ಗೊಂಬೆ ಸಿಪಾಯಿ ಇಲ್ಲ, ಢಾಲನ್ನೂ ಮನುಷ್ಯರೇ ಹಿಡಿಯಬೇಕು. ಇನ್ನೊಂದು ಕಟ್ಟುನಿಟ್ಟು: ಒಮ್ಮೆ ಆರಿಸಿದ ವೇಷ ಬದಲಿಸುವಂತಿಲ್ಲ. ಬದಲಿಸಿದರೆ ಮೊದಲಿನಿಂದ ಶುರು, ಜೊತೆಯವರು ಎಲ್ಲೋ ಮುಂದೆ, ನೀವು ಎಲ್ಲೋ ಹಿಂದೆ. ಆದ್ದರಿಂದ ಕಾಕು ಒಂದು ಭಾನುವಾರ ಎಲ್ಲರನ್ನೂ ಮನೆಗೇ ಕರೆದರು. ಮಂಡಕ್ಕಿಯ ಒಗ್ಗರಣೆ ಮಂಡಾಳು, ಮಿರ್ಚಿ ಬಜ್ಜಿ ಮಾಡಿದ್ದರು. ತಟ್ಟೆ ಕೈಗೆ ಕೊಟ್ಟು ವಿಚಾರಣೆ ಶುರುಮಾಡಿದರು.

ಗಂಡು ನೋಡಲು ಹೋದಾಗ ಕಾಕು ಒಂದೇ ಪ್ರಶ್ನೆ ಕೇಳುತ್ತಿದ್ದರು. ಸಂಬಳ, ಮನೆ, ತೋಟ ಎಲ್ಲ ಉಳಿದವರು ಕೇಳಿಕೊಳ್ಳಲಿ. ಇವರದು, "ಬಸ್ಸು ತಪ್ಪಿದ್ರ ಏನ್ ಮಾಡ್ತೀಪಾ?" ಅವತ್ತು ನಮಗೂ ಅದೇ.

"ನವೀನ, ನೀ ಹೇಳು."

"ನನ್ನ ಬಸ್ಸು ಎಂತಕ್ಕೆ ತಪ್ತದೆ ಕಾಕು? ಅರ್ಧ ಗಂಟೆ ಮೊದಲೇ ಹೋಗಿ ನಿಲ್ತೇನೆ. ಬರ್ತಾ ಉಂಟಾ ಅಂತ ಫೋನಲ್ಲಿ ನೋಡ್ತಾ ಇರ್ತೇನೆ."

"ದೂರದಿಂದ ಲೆಕ್ಕಾ ಹಾಕೋ ಮನಶಾ. ಬಿಲ್ಲು ತಗೋ. ಫರ್ಹಾನಾ?"

"ಚಿಲ್ಲಾತೀ ಮೈ ತೋ! ಬಸ್ಸಿನ ಹಿಂದ ನಿಂತು ಒದರಿ ಡ್ರೈವರನ ಖಾನ್‌ದಾನ್ ಪೂರಾ ತೆಗೀತೀನಿ."

"ಬೆಂಕಿ ನಿಂದು. ಕೇಳೂದಽ ಬ್ಯಾಡಾಗಿತ್ತು." ನನ್ನ ಕಡೆ ತಿರುಗಿದರು. "ಬಸು?"

"ನಾ ಬಿಡಂಗಿಲ್ರಿ. ಓಡಿ ಹೋಗಿ ಬಸ್ಸಿನ ಡಬ್ಬಿ ಬಡೀತೀನಿ. ಇನ್ನೊಬ್ಬ ಗಿರಾಕಿ ಅದಾನ ನಿಂದರು ಅಂತ ಒದರ್ತೀನಿ. ಮುಂದಿನ ಸಿಗ್ನಲ್‌ದಾಗಾದ್ರೂ ಹಿಡೀತೀನಿ."

ಕಾಕು ನನ್ನ ಮುಖ ನೋಡಿದರು. "ನಿಂದು ಆಮ್ಯಾಲೆ ಹೇಳ್ತೀನಿ."

"ಹೇಳೂದೇನೈತ್ರಿ? ಕಳ್ಳ."

"ಆಮ್ಯಾಲೆ ಅಂದ್ನೆಲ್ಲ?"

"ಕಾಕೂ, ಆಪ್ ಕಾ?" ಎಂದಳು ಫರ್ಹಾನಾ.

"ನಂದಿರ್ಲಿ. ನೋಡೂಣು." ಎದ್ದು ಮಿರ್ಚಿ ತರಲು ಒಳಗೆ ಹೋದರು.

ನೋಡುವುದೇನಿದೆ, ಕಾಕು ಅಂದರೆ ವೈದ್ಯೆ ಎಂದು ನಾವು ಮೂವರೂ ಅಂದುಕೊಂಡೆವು.

ಹೊಸ ಆಟ ಪೂರ್ತಿ ತೆರೆಯುವ ಮುಂಚೆ, ಯಾವ ವೇಷ ಬೇಕಾದರೂ ಹಾಕಿ ನೋಡಿ ಎಂದು ಕೆಲವು ವಾರ ಬಿಟ್ಟಿದ್ದರು. ಕಾಕು ವೈದ್ಯೆಯಾಗಿ ಬಂದರು. ಮದ್ದು ತಡವಾಗಿ ಬರುತ್ತಿತ್ತು. ಭಾಳ ಅಲ್ಲ, ಒಂದು ಉಸಿರಿನಷ್ಟು. ಆದರೆ ಆಟದಲ್ಲಿ ಸಾಯಲು ಅಷ್ಟೇ ಸಾಕು. ನವೀನ ಬಿದ್ದ, ಮತ್ತೆ ಬಿದ್ದ, "ನನ್ನ ನೆಟ್ಟೇ ಸರಿ ಇಲ್ಲ ಕಾಣ್ತದೆ ಮಾರಾಯ್ರೆ" ಎಂದ. ಕಾಕು, "ನಂದೂ ಹಂಗಽ ಆಗೇತಿ" ಎಂದರು. ನಾನು ಹೋಗಿ ಅವರ ಮನೆಯ ಲೈನು ನೋಡಿದೆ, ಹೊಸ ಮೌಸು ಹಾಕಿದೆ. ಲೈನಿನಲ್ಲಿ ಏನೂ ಇರಲಿಲ್ಲ.

ಮುಂದಿನ ಭಾನುವಾರ ಹೆಡ್‌ಫೋನಿನಲ್ಲಿ ಬಳೆಯ ಸದ್ದು ಕೇಳಿಸಿತು. "ಕರವಸ್ತ್ರ ಎಲ್ಲೆ ಕಾಕು?" ಎಂದೆ. "ಎಲ್ಲೋ ಬಿದ್ದೇತಿ ಬಿಡು. ನಿಮ್ಮ ಕಾಕಾ ಪ್ಯಾಟಿಗೆ ಹೋಗ್ಯಾರ" ಎಂದರು. ಕರವಸ್ತ್ರಕ್ಕೂ ಕಾಕಾ ಪೇಟೆಗೆ ಹೋಗಿದ್ದಕ್ಕೂ ಏನು ಸಂಬಂಧ ಎಂದು ಆಗ ಹೊಳೆಯಲಿಲ್ಲ. ಗುಹೆಯ ಬಾಗಿಲಲ್ಲಿ ನಾವು ಕಾಯುತ್ತ ನಿಂತಿದ್ದೆವು. ಯಾರೂ ಏನೂ ಒತ್ತುತ್ತಿರಲಿಲ್ಲ. ಆದರೂ ಬಳೆಗಳು ಸಣ್ಣಗೆ, ಒಂದೇ ಸಮನೆ, ಕಿಣಿಕಿಣಿ ಅನ್ನುತ್ತಿದ್ದವು.

"ರೈಲು ಹೊಂಟೈತೇನ್ರಿ ಕಾಕು?"

"ಹೂಂ. ರೈಲು."

ಆ ರೈಲು ಮುಗಿಯಲೇ ಇಲ್ಲ. ನಾವು ಒಳಗೆ ಹೋಗಿ, ಸತ್ತು, ಹೊರಗೆ ಬಂದು, ಮತ್ತೆ ಬಾಗಿಲಲ್ಲಿ ನಿಂತರೂ ಆ ಸದ್ದು ಇತ್ತು. ಕೈ ನಡುಗಿ ಒಂದರಿಂದ ಇನ್ನೊಂದಕ್ಕೆ ಗಂಟು ಹಾಕಲು ಆಗದ ಕಾಕುವಿಗೆ ಈಗ ಕಾಕಾ ಕರವಸ್ತ್ರ ಕಟ್ಟಿಕೊಡುತ್ತಿದ್ದಾರೆ ಎಂಬುದು ಆಗ ತಿಳಿಯಿತು.

ನಾನು ವ್ಯಾಪಾರದವನು, ಮುಂದಿನದನ್ನು ಲೆಕ್ಕ ಹಾಕಿಬಿಡುತ್ತೇನೆ. ಕಾಕು ವೈದ್ಯೆಯಾದರೆ ನಾವು ಸಾಯುತ್ತಲೇ ಇರುತ್ತೇವೆ. ಯಾರೂ ಏನೂ ಅನ್ನುವುದಿಲ್ಲ. ಅನ್ನದಿರುವುದು ಅವರಿಗೆ ತಿಳಿಯುತ್ತದೆ. ಒಂದು ಭಾನುವಾರ ಮನೆಗೆ ಯಾರೋ ಬಂದಾರ ಅನ್ನುತ್ತಾರೆ, ಇನ್ನೊಂದು ಭಾನುವಾರ ತಲಿನೋವು. ಹಾಗೆ ಮರ್ಯಾದೆಯಿಂದ ಜಾರಿಹೋದವರು ತಿರುಗಿ ಬರುವುದಿಲ್ಲ. ಕಾಕು ಇಲ್ಲದೆ ಆಡಲು ನನಗೆ ಮನಸ್ಸಿರಲಿಲ್ಲ, ಕಾಕುವಿಗೂ ಆ ಬೆಳಗುಗಳನ್ನು ಬಿಟ್ಟುಕೊಡುವ ಮನಸ್ಸು ಇದ್ದಿರಲಿಕ್ಕಿಲ್ಲ. ಆಟ ತೆರೆಯಲು ಇನ್ನು ನಾಲ್ಕಾರು ದಿನ ಇರುವಾಗ ಅಂಗಡಿಯ ಬಾಗಿಲು ಎಳೆದು ಕಾಚಿಗೂಡಕ್ಕೆ ಹೋದೆ.

ಕನಿಕರ ತೋರಿಸಿದರೆ ಈ ವ್ಯವಹಾರ ಕುದುರುವುದಿಲ್ಲ ಎಂದು ದಾರಿಯಲ್ಲೇ ನಿಶ್ಚಯ ಮಾಡಿಕೊಂಡಿದ್ದೆ. ಗಿರಾಕಿಗೆ ನಾವು ಉಪಕಾರ ಮಾಡುತ್ತಿದ್ದೇವೆ ಅನಿಸಬಾರದು, ಅವರೇ ನಮಗೆ ಮಾಡುತ್ತಿದ್ದಾರೆ ಅನಿಸಬೇಕು. ಯಾರಿಗಾದರೂ ಸಹಾಯ ಮಾಡುವುದಿದ್ದರೆ ನೀವೂ ಹೀಗೇ ಮಾಡಿ.

ಕಾಕಾ ಚಹಾವನ್ನು ಕಪ್ಪಿನಿಂದ ಬಸಿಗೆ ಸುರಿದು ಕೊಟ್ಟರು. ಮೊದಲೆಲ್ಲ ಕಾಕು ಸುರಿಯುತ್ತಿದ್ದರು.

"ಕಾಕು, ಒಂದು ಅಡಚಣಿಯಾಗೇತ್ರಿ. ಢಾಲು ಹಿಡಿಯವ್ರು ಸಿಗವಲ್ರು."

"ನವೀನಗ ಹೇಳು."

"ಅವ ಓಡತಾನ."

"ಫರ್ಹಾನಾ?"

"ಆಕಿ ಬಡಿದಾಡ್ತಾಳ, ನಿಲ್ಲಂಗಿಲ್ಲ."

"ನೀ?"

"ನಾ ಢಾಲು ಮಾರ್ತೀನ್ರಿ."

ಪತ್ರಿಕೆಯ ಹಿಂದೆ ಕಾಕಾ ನಕ್ಕರು. ಕಾಕು ನಗಲಿಲ್ಲ.

"ಕಾಕು, ಬಸ್ಸು ತಪ್ಪಿದ್ರ ನೀವೇನ್ ಮಾಡ್ತೀರಿ?"

ಕಾಕು ಬಾಯಿ ತೆರೆಯುವ ಮೊದಲೇ ಕಾಕಾ ಪತ್ರಿಕೆ ಇಳಿಸಿದರು. "ಆಕಿಗೆ ಎಲ್ಲೆ ತಪ್ಪತೈತಿ? ರಸ್ತಾದಾಗ ನಟ್ಟನಡುಕ ಹೋಗಿ ನಿಂದರ್ತಾಳ. ಡ್ರೈವರ್ ಹಾರನ್ ಹೊಡೀತಾನ, ಬೈತಾನ, ಈಕಿ ಸರಿಯಂಗಿಲ್ಲ. ನಾ ಹಿಂದ ನಿಂತು ಅವಗ ಕೈ ಮುಗೀತಿರ್ತೀನಿ."

"ಕೇಳಿದ್ರಿಲ್ಲೋ? ಇದು ನಿಮ್ಮದಽ ಪರೀಕ್ಷಾ. ವೇಷ ನಾ ಹೇಳೂದೇನೈತಿ?" ಎಂದೆ.

ನನ್ನ ಪ್ರಕಾರ ವ್ಯವಹಾರ ಅಲ್ಲಿಗೆ ಮುಗಿದಿತ್ತು. ಕಾಕು ಬಸಿ ಕೆಳಗಿಟ್ಟು, ನಡುಗುವ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು, ನೇರ ನನ್ನ ಕಡೆ ನೋಡಿದರು.

"ಬಸು, ನನ್ನ ಕೈ ನೋಡಿ ಬಂದೀ, ಹೌದಿಲ್ಲೋ?"

ಸುಳ್ಳು ಹೇಳಬಹುದಿತ್ತು. ಅಂಗಡಿಯಲ್ಲಿ ದಿನಾ ಹೇಳುತ್ತೇನೆ.

"ನೋಡಿಲ್ರಿ. ಕೇಳೀನಿ."

ಕಾಕಾ ಎದ್ದು ನೀರು ತರಲು ಒಳಗೆ ಹೋದರು, ಯಾರೂ ಕೇಳಿರಲಿಲ್ಲ. ಕಾಕು ತಮ್ಮ ಬಳೆಗಳ ಕಡೆ ಒಮ್ಮೆ ನೋಡಿಕೊಂಡು ನಕ್ಕುಬಿಟ್ಟರು. "ಇವಕ್ಕ ಚಾಡಿ ಹೇಳೂದಽ ಗೊತ್ತು. ಡಾಕ್ಟರ್ ಏನೋ ಹೆಸರು ಹೇಳ್ಯಾರ. ಆ ಹೆಸರು ನನ್ನ ಬಾಯಾಗ ಬ್ಯಾಡ. ಗುಳಿಗಿ ನುಂಗಾಕತ್ತೀನಿ. ನವೀನಗ, ಫರ್ಹಾನಾಗ ನಾನಽ ಹೇಳ್ತೀನಿ, ಹೇಳೂ ಹೊತ್ತಿಗೆ. ಢಾಲಿಗೆ ಎಷ್ಟು ಬಟನ್ ಅದಾವು?"

"ಎರಡಽ. ಒಂದು ಒತ್ತಿ ಹಿಡಿಯೂದು. ದೊಡ್ಡ ಏಟು ಬರಾಗ ಇನ್ನೊಂದು."

"ಮತ್ತ ವೈದ್ಯ ಯಾರು?"

"ಯಾರನ್ನರ ಹುಡುಕೂಣ್ರಿ."

"ಹುಡುಕೂದೇನೈತಿ? ನೀ ಆಗು."

ನಾನು ನಕ್ಕೆ. ಅವರು ನಗಲಿಲ್ಲ. ಆಮೇಲೆ ಅರ್ಧ ಗಂಟೆ ನಾನು ಮಾಡಿದ ಚೌಕಾಸಿಯನ್ನು ಅಂಗಡಿಯಲ್ಲೂ ಮಾಡಿಲ್ಲ. ಒಂದು ತಿಂಗಳಷ್ಟೇ ಆಗುತ್ತೇನೆ ಎಂದೆ. ವೇಷ ಬದಲಿಸುವಂತಿಲ್ಲವಲ್ಲ ಎಂದರು. ವೈದ್ಯನಿಗೆ ಪೆಟ್ಟಿಗೆ ತೆರೆಯುವ ಹಕ್ಕಿಲ್ಲ, ನನಗೇನು ಸಿಗುತ್ತದೆ ಎಂದೆ. ಮಂಡಾಳು ಸಿಗುತ್ತದೆ ಎಂದರು. ಇನ್ನೊಬ್ಬರ ಕಾಳಜಿ ಮಾಡುವ ಜಾತಿ ನನ್ನದಲ್ಲ ಕಾಕು, ನನಗೆ ಮೊದಲು ನಂದು ಎಂದೆ.

"ಅವತ್ತು ಏನಂದಿ ನೀ? ಬಸ್ಸು ಹೋದ್ರ ಬಡದು ನಿಲ್ಲಸ್ತೀನಿ ಅಂದಿ. ಹೋಗವ್ರನ್ನ ಹೋಗಾಕ ಬಿಡಂಗಿಲ್ಲ ನೀ. ವೈದ್ಯಗ ಬೇಕಾಗಿದ್ದಽ ಅದು. ಅವತ್ತಽ ಹೇಳಬೇಕಂದಿದ್ದೆ. ನನ್ನ ವೇಷ ನಿನಗ ಕೊಟ್ರ ನಂದೇನು ಅನ್ನೂದು ತಿಳೀಲಿಲ್ಲ, ಅದಕ್ಕ ಸುಮ್ನಾದೆ."

ನಾನು ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಕುಡಿದೆ.

"ನೀ ವೈದ್ಯ ಆದ್ರ ನಾ ಢಾಲು ಹಿಡೀತೀನಿ. ಇಲ್ಲಂದ್ರ ನಾನಽ ವೈದ್ಯೆ ಆಗಿ ಎಲ್ಲಾರನ್ನೂ ಕೊಲ್ತೀನಿ. ಇನ್ನೊಂದು ಕರಾರು. ನಾ ಸಾಕು ಅಂದ ದಿವಸ ನೀ ಒಂದು ಮಾತೂ ಆಡಬಾರದು. ಅವತ್ತು ಚೌಕಾಸಿ ಇಲ್ಲ."

"ಆತ್ರಿ."

ಹೋಗುವಾಗ ನಾನು ಮಾರಲು ಹೋದವನು, ಬರುವಾಗ ಕೊಂಡು ಬಂದಿದ್ದೆ.

ಮೊದಮೊದಲು ನನ್ನಂಥ ಕೆಟ್ಟ ವೈದ್ಯ ಇರಲಿಲ್ಲ. ಮದ್ದು ಖರ್ಚಾಗುತ್ತದೆ ಎಂದು ಕೈ ಬಿಗಿಹಿಡಿಯುತ್ತಿದ್ದೆ. ಕಾಕು ರಾಕ್ಷಸನ ಕಾಲಡಿ ಬಿದ್ದುಕೊಂಡು ಒದರುತ್ತಿದ್ದರು: "ಬಸೂ! ಔಷಧ ಮಾರಾಕ ಇಟ್ಟೀಯೇನು? ಹಾಕೋ ಪುಣ್ಯಾತ್ಮಾ!" ಫರ್ಹಾನಾ, "ಅರೇ, ಇವರ ಡಿಗ್ರಿ ನೋಡ್ರಿ ಮೊದಲು!" ಎಂದು ನಗುತ್ತಿದ್ದಳು. ಆದರೆ ಢಾಲಿನಲ್ಲಿ ಕಾಕುವನ್ನು ನೋಡಬೇಕಿತ್ತು. ಎಷ್ಟು ದೊಡ್ಡದು ಬಂದರೂ ಅದರ ಮುಂದೆ ನಡೆದುಹೋಗಿ ನಿಂತುಬಿಡುತ್ತಿದ್ದರು. "ಬಾರಪಾ, ನಿಂದೊಂದು ಬಾಕಿ ಇತ್ತು. ಊಟ ಮಾಡಿಲ್ಲೇನು ಇವತ್ತು, ಏಟನ್ಯಾಗ ಜೀವಽ ಇಲ್ಲಲ್ಲೋ?" ಎಂದು ಮಾತಾಡಿಸುತ್ತಿದ್ದರು. ಹಿಂದೆ ನಿಂತ ನಮಗೆ ಏನೂ ತಾಗುತ್ತಿರಲಿಲ್ಲ.

ದೊಡ್ಡ ಏಟಿಗೆ ಢಾಲು ಎತ್ತುವುದು ಮಾತ್ರ ಅವರಿಗೆ ಒಂದು ಉಸಿರು ತಡ. ಬೆರಳು ಬಟನ್ನಿಗೆ ಹೋಗುವಷ್ಟರಲ್ಲಿ ಏಟು ಬಿದ್ದಿರುತ್ತಿತ್ತು. ಮದ್ದು ತಯಾರಾಗಲೂ ಒಂದು ಉಸಿರಿನಷ್ಟು ಹೊತ್ತು ಬೇಕು. ಏಟು ಬಿದ್ದ ಮೇಲೆ ಶುರುಮಾಡಿದರೆ ಕಾಕು ಸತ್ತರು. ಆದ್ದರಿಂದ ರಾಕ್ಷಸ ಭುಜ ಎತ್ತಿದ ಕೂಡಲೇ, ಏಟು ಇನ್ನೂ ಗಾಳಿಯಲ್ಲಿ ಇರುವಾಗಲೇ, ನಾನು ಮದ್ದು ಶುರುಮಾಡುವುದನ್ನು ಕಲಿತೆ. ಏಟು ಬೀಳುವುದಕ್ಕೂ ಮದ್ದು ಮುಟ್ಟುವುದಕ್ಕೂ ಸರಿಹೋಗುತ್ತಿತ್ತು. ಎಷ್ಟೋ ವಾರ ಬೇಕಾಯಿತು ಅದಕ್ಕೆ. ಒಮ್ಮೆ ಕೈಗೆ ಹತ್ತಿದ ಮೇಲೆ ಕಾಕು ಬೀಳುವುದು ಅಪರೂಪವಾಯಿತು. ಅವರೇನೂ ಅನ್ನಲಿಲ್ಲ. ಬೈಯುವುದು ಕಡಿಮೆಯಾಯಿತು, ಅಷ್ಟೇ.

ಒಂದು ಭಾನುವಾರ ಯುದ್ಧದ ನಡುವೆಯೇ ಉಳಿದಿಬ್ಬರಿಗೂ ಹೇಳಿದರು. "ಕೇಳ್ರಿಲ್ಲೆ, ನನ್ನ ಕೈ ನಡಗ್ತಾವು. ರೋಗ ಐತಿ. ಈಗ ಎಡಕ್ಕ ನಡೀರಿ, ಆ ಕರೇದು ಬರಾಕತ್ತೇತಿ." ಎಲ್ಲರೂ ಎಡಕ್ಕೆ ನಡೆದೆವು. ಕಡೆಗೆ ನವೀನ, "ಹಾಗಾದ್ರೆ ನಾನು ಅಷ್ಟು ದಿನ ಇಂಟರ್ನೆಟ್ಟಿನವರಿಗೆ ಬೈದದ್ದು ಸುಮ್ಮನೆಯಾ ಕಾಕು?" ಎಂದ. ಕಾಕು ನಕ್ಕ ರಭಸಕ್ಕೆ ಢಾಲು ಕೈಬಿಟ್ಟಿತು, ನಾಲ್ವರೂ ಸತ್ತೆವು.

ಎರಡು ಮಳೆಗಾಲ ಹಾಗೆ ಆಡಿದೆವು. ಆಮೇಲೊಂದು ಭಾನುವಾರ ಕಾಕು ಗುಹೆಯಿಂದ ಹೊರಗೆ ಬಂದು, "ಬಸು, ಸಾಕು" ಎಂದರು. ಏಟು ಹೆಚ್ಚಾಯಿತೇ, ಇವತ್ತಿಗೆ ಸಾಕೇ ಎಂದು ನವೀನ ಕೇಳುತ್ತಿದ್ದ. ನನಗೆ ತಿಳಿದಿತ್ತು. ದೊಡ್ಡ ಬಟನ್ನಿನ ಕೀಬೋರ್ಡ್ ತಂದುಕೊಡಬಹುದಿತ್ತು, ಕಾಲಿನಿಂದ ಒತ್ತುವ ಪೆಡಲ್ ಕೂಡ ಬರುತ್ತದೆ, ಅಂಗಡಿಯಲ್ಲೇ ಒಂದು ಇತ್ತು. ಎಲ್ಲ ನಾಲಿಗೆಯ ತುದಿಗೆ ಬಂತು. ಕರಾರು ಕರಾರೇ. "ಆತ್ರಿ ಕಾಕು" ಎಂದೆ.

ಅದೇ ವರ್ಷ ಅವರು ರಾಯಚೂರಿಗೆ ಹೋದರು. ಕಾಕಾನ ತಂಗಿಯ ಮನೆ ಅಲ್ಲಿ, ಮೆಟ್ಟಿಲು ಹತ್ತುವ ಕಷ್ಟವಿಲ್ಲ. ಕಾಚಿಗೂಡದಲ್ಲಿ ರ‍್ಯಾಕು, ಡಬ್ಬಿ, ಹಾಸಿಗೆ ಸುರುಳಿಗಳ ನಡುವೆ ನಿಂತು ಕಾಕು ಕೂಲಿಯವನ ಜೊತೆ ತೆಲುಗಿನಲ್ಲಿ ಚೌಕಾಸಿ ಮಾಡಿದರು. ನಾನು ನಡುವೆ ಬಾಯಿ ಹಾಕಹೋದರೆ, "ನೀ ಸುಮ್ಕಿರು, ಕೆಡಸ್ತೀ" ಎಂದರು.

ಕಡೆಯ ಸಲ ಕಂಡದ್ದು ರಾಯಚೂರಿನಲ್ಲೇ. ಊರಿಗೆ ಹೋದವನು ಅಲ್ಲಿ ಇಳಿದೆ. ಕುರ್ಚಿಯಲ್ಲಿ ದಿಂಬು ಇಟ್ಟು ಕೂರಿಸಿದ್ದರು. ಬಳೆಗಳು ಸಡಿಲಾಗಿದ್ದವು. ಬಾಯಿ ಮಾತ್ರ ಹಾಗೇ ಇತ್ತು. ಅವರ ಕೈಕಾಲಿಗೆ ವ್ಯಾಯಾಮ ಮಾಡಿಸಲು ಬರುವ ಹುಡುಗಿಗೆ ಆಗಲೇ ಎರಡು ಸಂಬಂಧ ತೋರಿಸಿದ್ದರು.

"ಢಾಲಿನವ ಸಿಕ್ಕಾನೇನು?"

"ಹುಡುಕಾಕತ್ತೀವ್ರಿ."

"ಇನ್ನೂ ಹುಡುಕಾಕತ್ತೀರಿ? ಮೂರು ಮಂದಿ ಕುಂತು ಏನ್ ಮಾಡ್ತೀರಿ? ಭಜನಿ?"

ನವೀನನ ಆಫೀಸಿನಲ್ಲಿ ಕಾರ್ತಿಕ್ ಎಂಬವನಿದ್ದಾನೆ, ಮೈಸೂರಿನವನು, ಬರುತ್ತೇನೆ ಅನ್ನುತ್ತಿದ್ದಾನೆ, ನಾನೇ ಇನ್ನೂ ಹೂಂ ಅಂದಿಲ್ಲ ಎಂದೆ. "ಫೋನ್ ಹಚ್ಚು" ಎಂದರು. ಹಚ್ಚಿ ಕಿವಿಗೆ ಹಿಡಿದೆ. ಬಸ್ಸಿನ ಪ್ರಶ್ನೆ ಕೇಳಿದರು. ಆ ಕಡೆಯಿಂದ, "ಅಯ್ಯೋ, ಹೋಗ್ಲಿ ಬಿಡಿ ಆಂಟಿ, ಅಲ್ಲೇ ನಿಂತಿರ್ತೀನಿ, ಇನ್ನೊಂದು ಬರುತ್ತಲ್ಲ" ಎಂಬ ದನಿ ನನಗೂ ಕೇಳಿಸಿತು.

"ಅವ ನಿಲ್ಲೋ ಮನಶಾ" ಎಂದರು ಕಾಕು ನನಗೆ. "ತಗೋ."

ಕಾಕು ಹೋದ ಸುದ್ದಿಯನ್ನು ಕಾಕಾ ಫೋನಿನಲ್ಲಿ ಹೇಳಿದರು. ನಾನು, ನವೀನ, ಫರ್ಹಾನಾ ಮೂವರೂ ಕಾಚಿಗೂಡದಲ್ಲೇ ರೈಲು ಹತ್ತಿದೆವು.

ಈಗ ಕಾರ್ತಿಕ್ ಢಾಲು ಹಿಡಿಯುತ್ತಾನೆ. ಕಾಕು ಹೇಳಿದ ಹಾಗೆಯೇ ನಿಲ್ಲುವ ಆಳು, ಕೈ ಚುರುಕು. ರಾಕ್ಷಸ ಭುಜ ಎತ್ತುವುದೇ ತಡ, ಢಾಲು ಮೇಲಿರುತ್ತದೆ, ಏಟು ಅದಕ್ಕೆ ಬಡಿದು ಹೋಗುತ್ತದೆ. ಹೋದ ಭಾನುವಾರ ಅವನು ಆಟದ ನಡುವೆ ಕೇಳಿದ:

"ಬಸವರಾಜಣ್ಣ, ಬೇಜಾರು ಮಾಡ್ಕೋಬೇಡಿ. ಏಟು ಬೀಳೋದಕ್ಕೆ ಮುಂಚೇನೇ ಯಾಕಣ್ಣ ಮದ್ದು ಹಾಕ್ತೀರ? ನಂಗೇನೂ ಆಗಿರಲ್ಲ, ಎಲ್ಲಾ ದಂಡ ಆಗ್ತಿದೆ."



"ನೋಡ್ಕೋತೀನಿ ಬಿಡಪ್ಪಾ" ಎಂದೆ. ಎದುರಿಗಿದ್ದದ್ದು ಮತ್ತೆ ಭುಜ ಎತ್ತಿತು. ಏಟು ಇನ್ನೂ ಗಾಳಿಯಲ್ಲಿತ್ತು, ನನ್ನ ಬೆರಳು ಆಗಲೇ ಒತ್ತಿತ್ತು.